ಕಲ್ಯಾಣದ ನೆರೆಯ ಒಂದು ಊರಗುಡಿ

ಒಂದು ನಾಡಿನ ಚರಿತ್ರೆಯನ್ನು ತಿಳಿಯಲು ಹೊರಟವರು ಮೊದಲು ರಾಜಧಾನಿಯನ್ನು ಹುಡುಕುವುದು ವಾಡಿಕೆ. ಅರಮನೆ ಎಲ್ಲಿತ್ತು, ಕೋಟೆಗೆ ಎಷ್ಟು ಸುತ್ತು, ಸಿಂಹಾಸನವನ್ನು ಯಾರು ಯಾರು ಏರಿದರು ಎಂದು ವಿಚಾರಿಸುತ್ತೇವೆ. ಈ ವಾಡಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡನಾಡಿನ ಬಡಗಣ ತುದಿಯಲ್ಲಿರುವ ಕಲ್ಯಾಣಕ್ಕೆ ಹೋಗಿ ಹೀಗೆ ವಿಚಾರಿಸಿದರೆ ಉತ್ತರ ಹೇಳಬಲ್ಲ ಕಲ್ಲುಗಳು ಬಹಳ ಕಡಮೆ. ಅಲ್ಲಿಂದ ಸುಮಾರು 30 ಕಿಲೋಮೀಟರು ದೂರದ ಹುಮನಾಬಾದಿಗೆ ಬಂದು, ಅದರ ನೆರೆಯ ಜಲಸಂಗ್ವಿ ಎಂಬ ಹಳ್ಳಿಯನ್ನು ಹೊಕ್ಕರೆ, ಅದೇ ಕಾಲದ ಒಂದು ಗುಡಿ ತನ್ನ ಗೋಡೆ ಕಂಬಗಳೊಡನೆ ನಿಂತಿರುವುದು ಕಾಣುತ್ತದೆ. ಚಕ್ರವರ್ತಿಯ ಮನೆ ಹೋಗಿ ಹಳ್ಳಿಯ ದೇವರ ಮನೆ ಉಳಿದುದು ಹೇಗೆ? ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಮೊದಲು ರಾಜಧಾನಿಯ ಸಂಗತಿಯನ್ನು ಸಂಕ್ಷೇಪವಾಗಿ ನೆನೆಯೋಣ. ಚಾಲುಕ್ಯರ ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದ ನಡುಗಾಲದಲ್ಲಿ ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಅವನ ಮಗನಾದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು, ಶಕವರ್ಷಕ್ಕೆ ಬದಲಾಗಿ ತನ್ನದೇ ಒಂದು ವರ್ಷಗಣನೆಯನ್ನು ತೊಡಗಿಸಿ, 1126ರವರೆಗೆ ಐವತ್ತು ವರ್ಷಗಳ ಕಾಲ ಆಳಿದನು. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣನು ಬಂದು ರಾಜನ ಚರಿತವನ್ನು ಸಂಸ್ಕೃತ ಕಾವ್ಯವಾಗಿ ಬರೆದನು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದುದೂ ಇಲ್ಲಿಯೇ. ಆ ಗ್ರಂಥದ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ ಪಂಡಿತನು 1810ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ, ಬಂಗಾಳವನ್ನು ಬಿಟ್ಟು ಉಳಿದ ಭಾರತದಲ್ಲಿ ಹಿಂದೂ ಕುಟುಂಬಗಳ ಆಸ್ತಿಯ ವ್ಯಾಜ್ಯಗಳು ಬಹುಮಟ್ಟಿಗೆ ಅದನ್ನು ಆಧಾರವಾಗಿಟ್ಟುಕೊಂಡು ತೀರ್ಮಾನವಾದುವು. ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಮುಂದೆಯೂ ಆಗದು ಎಂಬ ಅಭಿಪ್ರಾಯದ ಹೊಗಳಿಕೆ ಆ ವ್ಯಾಖ್ಯಾನದ ಕೊನೆಯಲ್ಲಿದೆ.

ಅಂಥ ಪಟ್ಟಣದ ಮುಂದಿನ ಗತಿ ಏನಾಯಿತು? ಚಾಲುಕ್ಯರಿಂದ ಅಧಿಕಾರವನ್ನು ಕಿತ್ತುಕೊಂಡ ಕಳಚುರಿ ಬಿಜ್ಜಳನ ಕಾಲ ಬಂದಿತು. ಶರಣರ ಮಹಾಕ್ರಾಂತಿಯೂ ಅದರ ಬೆನ್ನಿಗೆ ಕ್ಷೋಭೆಯೂ ನಡೆದುವು. ಹನ್ನೆರಡನೆಯ ಶತಮಾನ ಮುಗಿಯುವುದರೊಳಗೆ ಚಾಲುಕ್ಯರ ಹೆಸರು ಅಳಿಯಿತು. ಅನಂತರ ಸೇವುಣರು, ಬಹಮನಿಯವರು, ಬೀದರಿನ ಬರೀದರು, ವಿಜಾಪುರದ ಆದಿಲಶಾಹಿಗಳು ಒಬ್ಬರಾದ ಮೇಲೊಬ್ಬರು ಬಂದರು. 1657ರಲ್ಲಿ ಔರಂಗಜೇಬನು ಬೀದರನ್ನೂ ಕಲ್ಯಾಣವನ್ನೂ ಹಿಡಿದನು. ಕೊನೆಗೆ ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿ ಕಲ್ಯಾಣಿಯು ನವಾಬರ ಒಂದು ಜಾಗೀರಾಯಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದುವು. 1956ರಲ್ಲಿ ರಾಜ್ಯಗಳು ಭಾಷೆಗನುಸಾರವಾಗಿ ಹೊಸದಾಗಿ ವಿಂಗಡವಾದ ಮೇಲೆ ಊರಿಗೆ ಬಸವಕಲ್ಯಾಣವೆಂಬ ಹೆಸರಾಯಿತು. ಈಗ ಅಲ್ಲಿ ಕಾಣುವ ಕೋಟೆ ಅನೇಕ ಒಡೆಯರ ಕೈಯಿಂದ ಬೆಳೆದು ಬಂದದ್ದು. ಅದರಲ್ಲಿ ಚಾಲುಕ್ಯರ ಕಾಲದ ಬಿಡಿಗಲ್ಲುಗಳೂ ಮೂರ್ತಿಗಳೂ ಸಿಕ್ಕುತ್ತವೆ. ಆದರೆ ವಿಕ್ರಮಾದಿತ್ಯನು ಇಲ್ಲಿ ಮಲಗಿದ್ದನು, ಬಿಲ್ಹಣನು ಇಲ್ಲಿ ಓದಿದನು ಎಂದು ಕೈತೋರಿಸಿ ಹೇಳುವಂಥ ಅರಮನೆಯ ಗೋಡೆ ನೆಲದ ಮೇಲೆ ಒಂದೂ ನಿಂತಿಲ್ಲ.

ಇನ್ನು ಜಲಸಂಗ್ವಿಯ ಕಡೆಗೆ ತಿರುಗೋಣ. ಇಲ್ಲಿಯ ಈಶ್ವರನ ಗುಡಿಗೆ ಕಲ್ಮೇಶ್ವರ ದೇವಾಲಯವೆಂದು ಹೆಸರು. ಇದು ಆರನೆಯ ವಿಕ್ರಮಾದಿತ್ಯನ ಕಾಲದ್ದು, ಎಂದರೆ ಸುಮಾರಾಗಿ ಹನ್ನೆರಡನೆಯ ಶತಮಾನದ ಆರಂಭದ್ದು. ಕೊಪ್ಪಳದ ಕಡೆಯ ಇಟಗಿಯಲ್ಲಿ ಅದೇ ರಾಜನ ದಂಡನಾಯಕನಾದ ಮಹಾದೇವನು ಕಟ್ಟಿಸಿ, ಶಾಸನದಲ್ಲಿ ದೇವಾಲಯ ಚಕ್ರವರ್ತಿಯೆಂದು ಹೊಗಳಿಸಿಕೊಂಡ ಗುಡಿ 1112ರದು. ಆಗ ಚಾಲುಕ್ಯರಿಗೆ ಅಧೀನನಾಗಿದ್ದ ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಕೇಶವನ ಪ್ರತಿಷ್ಠೆಯನ್ನು ನಡೆಯಿಸಿದುದು 1117ರಲ್ಲಿ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬಡಗಲ ತುದಿಯಿಂದ ಮಲೆನಾಡಿನ ಅಂಚಿನವರೆಗೆ ಒಂದೇ ಕಾಲದಲ್ಲಿ ಉಳಿಯ ಸದ್ದು ಕೇಳಿಸುತ್ತಿದ್ದಿತೆಂಬುದು ಮನಸ್ಸಿಗೆ ಬರುತ್ತದೆ. ಬೇಲೂರನ್ನು ಕಾಣದ ವಿದ್ಯಾವಂತರು ನಮ್ಮಲ್ಲಿ ವಿರಳ; ಜಲಸಂಗ್ವಿಯನ್ನು ಕಂಡವರು ವಿರಳ.

ಕಾಣಬೇಕಾದುದು ಮುಖ್ಯವಾಗಿ ಹೊರಗಿನ ಗೋಡೆ. ಚಾಲುಕ್ಯಶಿಲ್ಪಿಗಳು ಗೋಡೆಯನ್ನು ಒಂದೇ ಚಪ್ಪಟೆಯಾಗಿ ಎಬ್ಬಿಸುವುದಿಲ್ಲ. ಅಲ್ಲಲ್ಲಿ ಮುಂದಕ್ಕೆ ಚಾಚಿ, ಅಲ್ಲಲ್ಲಿ ಹಿಂದಕ್ಕೆ ಸರಿಸಿ, ಮೂಲೆಗಳ ಮೇಲೆ ಮೂಲೆಗಳನ್ನು ಉಂಟುಮಾಡುತ್ತಾರೆ. ಹೀಗೆ ಮಾಡುವುದರಿಂದ ಬಿಸಿಲು ಬಿದ್ದಾಗ ಬೆಳಕು ನೆರಳುಗಳು ಪಟ್ಟೆಪಟ್ಟೆಯಾಗಿ ನಿಂತು, ಭಾರವಾದ ಕಲ್ಲಿನ ರಾಶಿ ಹಗುರವಾಗಿ ತೋರುತ್ತದೆ. ಜಲಸಂಗ್ವಿಯಲ್ಲಿ ಈ ಗೋಡೆಯ ಮೇಲೆ ಸ್ತ್ರೀಮೂರ್ತಿಗಳು ನಿಂತಿವೆ. ಇವನ್ನು ಶಿಲಾಬಾಲಿಕೆಯರೆಂದು ಕರೆಯುವುದುಂಟು. ಬೇಲೂರಿನಲ್ಲಿ ಮದನಿಕೆಯರು ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ಕೂಡಿಸಿದವರು. ಇಲ್ಲಿ ಅವರ ಅಕ್ಕಂದಿರು ಗೋಡೆಗೇ ಬೆನ್ನುಕೊಟ್ಟು, ನೆಲದಲ್ಲಿ ನಿಂತವನ ಕಣ್ಣಿಗೆ ಎಟುಕುವಂತೆ ನಿಂತಿದ್ದಾರೆ. ನೋಡುವವನು ತಲೆಯೆತ್ತಿ ಕೊರಳು ನೋಯಿಸಿಕೊಳ್ಳಬೇಕಾಗಿಲ್ಲ. ಹಳ್ಳಿಯ ಗುಡಿಗೆ ಇದು ತಕ್ಕ ಕ್ರಮವೆಂದೇ ನಮಗೆ ತೋರುತ್ತದೆ.

ಈ ಮೂರ್ತಿಗಳಲ್ಲಿ ಒಂದು ಬಹಳ ಪ್ರಸಿದ್ಧವಾದುದು. ಒಬ್ಬ ತರುಣಿ ನಿಂತುಕೊಂಡು ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳನ್ನು ಶಾಸನಸುಂದರಿಯೆಂದು ಕರೆಯುತ್ತಾರೆ. ಬರೆಯುವ ಹೆಣ್ಣಿನ ಮೂರ್ತಿಗಳು ಭಾರತದಲ್ಲಿ ಬೇರೆಡೆಯೂ ಉಂಟು. ಇಲ್ಲಿಯ ವಿಶೇಷವೆಂದರೆ ಅವಳು ಬರೆದುದನ್ನು ನಾವು ಓದಬಹುದು. ಸಪ್ತದ್ವೀಪಗಳಿಂದ ಕೂಡಿದ ಭೂಮಿ ಚಾಲುಕ್ಯ ವಿಕ್ರಮಾದಿತ್ಯನಿಗೆ ಸೇರತಕ್ಕದ್ದೆಂಬ ಅರ್ಥದ ಸಂಸ್ಕೃತದ ಮಾತುಗಳು ಅವು. ಸಾಮಾನ್ಯವಾಗಿ ರಾಜಪ್ರಶಸ್ತಿಯನ್ನು ಕೊರೆಯುವುದಕ್ಕೆ ಪ್ರತ್ಯೇಕವಾಗಿ ಒಂದು ಕಲ್ಲನ್ನು ನೆಡುತ್ತಿದ್ದರು. ಇಲ್ಲಿಯ ಶಿಲ್ಪಿ ಪ್ರಶಸ್ತಿಯನ್ನೇ ಒಂದು ಮೂರ್ತಿಯ ಕೆಲಸವನ್ನಾಗಿ ಮಾಡಿದ್ದಾನೆ. ಏಳು ದ್ವೀಪಗಳ ಒಡೆತನವನ್ನು ರಾಜನು ಪಡೆದನೋ ಇಲ್ಲವೋ, ಆ ಮಾತನ್ನು ಬರೆದ ಬೆರಳುಗಳು ಉಳಿದುವು. ಅಕ್ಷರವನ್ನು ಬಲ್ಲ ಹೆಣ್ಣು ಗುಡಿಯ ಗೋಡೆಗೆ ಭೂಷಣವೆಂದು ಆ ಕಾಲದ ಶಿಲ್ಪಿಗೆ ತೋರಿದ್ದಿತೆಂಬುದೂ ನಾವು ಗಮನಿಸಬೇಕಾದ ವಿಷಯವೇ.

ಈಗ ಕಟ್ಟಡದ ವಿಧಾನವನ್ನು ಸ್ವಲ್ಪ ವಿಚಾರಿಸೋಣ. ಅದನ್ನು ತಿಳಿಯದೆ ಗುಡಿ ಏಕೆ ನಿಲ್ಲುತ್ತದೆ, ಏಕೆ ಬೀಳುತ್ತದೆ ಎಂಬುದು ಗೊತ್ತಾಗದು. ಈ ಕಾಲದ ಚಾಲುಕ್ಯದೇವಾಲಯಗಳಲ್ಲಿ ಗೋಡೆಯ ಕಲ್ಲುಗಳನ್ನು ಗಾರೆಯಿಂದ ಕೂಡಿಸುತ್ತಿರಲಿಲ್ಲ. ಕಲ್ಲಿನ ಮೇಲೆ ಕಲ್ಲು ಅಲುಗದೆ ಕೂರುವಂತೆ ಮೈಯನ್ನು ನಯಮಾಡಿ, ತಮ್ಮ ಭಾರದಿಂದಲೇ ನಿಲ್ಲುವಂತೆ ಇಡುತ್ತಿದ್ದರು. ಕಮಾನನ್ನು ಅವರು ಬಳಸಲಿಲ್ಲ. ಎರಡು ಕಂಬಗಳ ಮೇಲೆ ಒಂದು ತೊಲೆ, ತೊಲೆಗಳ ಮೇಲೆ ಚಪ್ಪಡಿ, ಇದೇ ಅವರ ಮೂಲಸೂತ್ರ. ನಡುವಣ ಅಂಕಣ ಅಗಲವಾದಾಗ ನಾಲ್ಕು ಮೂಲೆಗಳಿಗೆ ಓರೆಯಾಗಿ ಚಪ್ಪಡಿಗಳನ್ನು ಹಾಸಿ, ತೆರಪನ್ನು ಮೆಲ್ಲಮೆಲ್ಲನೆ ಕಿರಿದುಮಾಡಿ, ಕೊನೆಗೆ ಒಂದು ಕಲ್ಲಿನಿಂದ ಮುಚ್ಚುತ್ತಿದ್ದರು. ಒಳಗಿನ ಕಂಬಗಳನ್ನು ಬಳೆಬಳೆಯಾಗಿ ಕಡೆಯುವ ಕೌಶಲವಂತೂ ಈ ಶಿಲ್ಪಿಗಳ ಹೆಗ್ಗುರುತು. ಮರವನ್ನು ಕಡೆಯುವ ಯಂತ್ರದಲ್ಲಿ ಮರವನ್ನು ತಿರುಗಿಸುವಂತೆ ಕಲ್ಲನ್ನು ತಿರುಗಿಸಿ ಕಡೆದರೆಂದು ಅಭಿಜ್ಞರು ಹೇಳುತ್ತಾರೆ.

ಇಂಥ ಕಟ್ಟಡದಲ್ಲಿ ಭಾರವೆಲ್ಲ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಕಮಾನಿನ ಕಟ್ಟಡದಲ್ಲಾದರೆ ಭಾರವು ಪಕ್ಕಕ್ಕೂ ತಳ್ಳುತ್ತದೆ. ಅದಕ್ಕಾಗಿ ಗೋಡೆಗೆ ಒತ್ತುಗೋಡೆಗಳನ್ನು ಕೊಡಬೇಕಾಗುತ್ತದೆ. ಇಲ್ಲಿ ಆ ತೊಂದರೆಯಿಲ್ಲ. ಆದರೆ ಬೇರೊಂದು ಅಪಾಯವುಂಟು: ತಳಹದಿಯ ಒಂದು ಮೂಲೆ ಕುಸಿದರೆ ಅದರ ಮೇಲಿನ ಸಾಲು ಕಲ್ಲುಗಳೆಲ್ಲ ಸಂದುಬಿಡುತ್ತವೆ. ಬೀದರ, ಹುಮನಾಬಾದು, ಕಲ್ಯಾಣಗಳ ಸೀಮೆಯಲ್ಲಿ ನೆಲ ಎರಡು ಬಗೆ. ದಿಣ್ಣೆಗಳ ಮೇಲೆ ಕೆಂಪು ಜಂಬಿಟ್ಟಿಗೆಯ ಕಲ್ಲು, ತಗ್ಗಿನಲ್ಲಿ ಎರೆಮಣ್ಣು. ಎರೆಯ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಆರಿ ಬಿರುಕುಬಿಡುತ್ತದೆ. ಅಂಥ ನೆಲದಲ್ಲಿ ನೂರಾರು ವರ್ಷ ಹೀಗೆ ನಡೆದರೆ ಎಂಥ ಅಡಿಪಾಯವೂ ಸ್ವಲ್ಪವಾದರೂ ಅಲುಗದೆ ಇರದು. ಮೇಲಿನಿಂದ ಇನ್ನೊಂದು ಶತ್ರು ಇಳಿಯುತ್ತದೆ. ಹಕ್ಕಿ ತಂದು ಹಾಕಿದ ಅರಳಿಯ ಬೀಜ ಚಾವಣಿಯ ಸಂದಿನಲ್ಲಿ ಮೊಳೆತು ಬೇರುಬಿಟ್ಟಿತೆಂದರೆ, ಗಾರೆಯಿಲ್ಲದ ಕೀಲುಗಳಲ್ಲಿ ಆ ಬೇರಿಗೆ ತಡೆಯೇ ಇಲ್ಲ. ಬೆರಳು ಗಾತ್ರದ ಸಸಿಯನ್ನು ಆಗಲೇ ಒಂದು ಮಗು ಕಿತ್ತುಹಾಕಬಹುದಾಗಿತ್ತು. ಇಪ್ಪತ್ತು ವರ್ಷ ಬಿಟ್ಟರೆ ಅದನ್ನು ಕೀಳಲು ಗುಡಿಯನ್ನೇ ಬಿಚ್ಚಬೇಕಾಗುತ್ತದೆ.

ಕಲ್ಲು ಗಟ್ಟಿಯಾದುದರಿಂದ ಗುಡಿ ಉಳಿಯಿತು, ಮರ ಇಟ್ಟಿಗೆಗಳದಾದುದರಿಂದ ಅರಮನೆ ಅಳಿಯಿತು ಎಂಬ ಸುಲಭದ ಉತ್ತರ ಅರ್ಧ ಮಾತ್ರ ಸತ್ಯವೆಂಬುದು ಇದರಿಂದ ತಿಳಿಯುತ್ತದೆ. ಕಲ್ಲಿನ ಗುಡಿಗೂ ಆಗಾಗ ಕೈಹಚ್ಚುವವರು ಬೇಕು. ಈ ಸಂಗತಿ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದಿತು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಹಳೆಯದಾಗಿ ಸವೆದದ್ದು. ಈ ಮೂರನ್ನೂ ಸರಿಪಡಿಸುವುದಕ್ಕೆಂದು ಭೂಮಿಯನ್ನು ಬಿಡುತ್ತಿದ್ದರು. ಹೊಸದಾಗಿ ಪ್ರತಿಷ್ಠೆಯಾಗುವ ಗುಡಿಯ ಮೊದಲ ಶಾಸನದಲ್ಲಿಯೇ ಈ ಮಾತನ್ನು ಬರೆಯಿಸುತ್ತಿದ್ದರೆಂಬುದನ್ನು ಗಮನಿಸಬೇಕು. ಕಟ್ಟಿದ ದಿನವೇ, ಇದು ಮುಂದೆ ಬಿರಿಯುತ್ತದೆ, ಆಗ ಸರಿಮಾಡಲು ಹಣ ಬೇಕಾಗುತ್ತದೆ ಎಂದು ಲೆಕ್ಕಹಾಕಿದ ಜನ ಅವರು.

ಆ ಶಾಸನಗಳ ಏರ್ಪಾಡು ಬಹಳ ಸ್ಪಷ್ಟವಾದುದು. ಇಷ್ಟು ಮತ್ತರು ಭೂಮಿ, ಇಷ್ಟು ಹೂದೋಟ, ಒಂದು ಗಾಣ, ಸಂತೆಯ ಸುಂಕದಲ್ಲಿ ಒಂದು ಪಾಲು ಎಂದು ದತ್ತಿಯನ್ನು ಎಣಿಸಿ ಹೇಳುತ್ತಾರೆ. ಭೂಮಿಯ ನಾಲ್ಕು ಎಲ್ಲೆಗಳನ್ನು ಗುರುತಿಸುತ್ತಾರೆ. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ನಂದಾದೀವಿಗೆಗೆ, ತಪಸ್ವಿಗಳ ಆಹಾರಕ್ಕೆ, ವಿದ್ಯಾದಾನಕ್ಕೆ ಎಂದು ವೆಚ್ಚವನ್ನು ವಿಂಗಡಿಸುತ್ತಾರೆ. ಆಚಾರ್ಯನ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ದಾನವನ್ನು ಒಪ್ಪಿಸುತ್ತಾರೆ. ಊರಿನ ಮಹಾಜನರೂ ಗಾವುಂಡರೂ ಸೆಟ್ಟಿಗಳೂ ಇದಕ್ಕೆ ಸಾಕ್ಷಿಗಳಾಗಿ, ಕಾಪಾಡುವವರಾಗಿ ನಿಲ್ಲುತ್ತಾರೆ. ಕೊನೆಯಲ್ಲಿ, ಇದನ್ನು ಪಾಲಿಸಿದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಪುಣ್ಯವೆಂದೂ, ಕೆಡಿಸಿದವನಿಗೆ ಅಲ್ಲಿಯೇ ಗೋವನ್ನು ಕೊಂದ ಪಾಪವೆಂದೂ ಬರೆಯಿಸುತ್ತಾರೆ. ನ್ಯಾಯಾಲಯದ ಕೈ ಎಟುಕದ ಕಾಲಕ್ಕೂ ಒಂದು ಕಾವಲು ಬೇಕೆಂದು ಆ ಶಾಪವನ್ನು ಇಟ್ಟರು. ಕಲಬುರಗಿ ಸೀಮೆಯ ನಾಗಾವಿಯ 1058ರ ಶಾಸನದಲ್ಲಿ ವೇದವನ್ನು ಓದುವ 200 ಮಂದಿ ವಿದ್ಯಾರ್ಥಿಗಳಿಗೂ, ಪುಸ್ತಕಗಳನ್ನು ನೋಡಿಕೊಳ್ಳುವ 6 ಮಂದಿ ಸರಸ್ವತೀ ಭಂಡಾರಿಗಳಿಗೂ ಏರ್ಪಾಡಾಗಿದೆ. ಗುಡಿಯೆಂಬುದು ಆಗ ಪೂಜೆಯ ಸ್ಥಾನ ಮಾತ್ರವಾಗಿರದೆ ಪಾಠಶಾಲೆ, ಛತ್ರ, ಭಂಡಾರ, ಪಂಚಾಯಿತಿಯ ಕಟ್ಟೆ ಎಲ್ಲವೂ ಆಗಿದ್ದಿತು.

ಇಂಗ್ಲಿಷ್ ವಿದ್ಯೆಯನ್ನು ಕಲಿತ ನಮಗೆ ಇಲ್ಲಿ ಒಂದು ಹೋಲಿಕೆ ಸಹಜವಾಗಿಯೇ ನೆನಪಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಚರ್ಚೆಂಬುದು ಒಂದು ಗೊತ್ತಾದ ಊರಿನ ಅಥವಾ ಕೇರಿಯ ಜನರಿಗೆ ಸೇರಿದ ಆರಾಧನಾಸ್ಥಾನ. ಅಲ್ಲಿ ನಾಮಕರಣ, ಅಲ್ಲಿ ಮದುವೆ, ಅದರ ಅಂಗಳದಲ್ಲಿ ಸಮಾಧಿ. ನಾರ್ಮನರು ಆ ದೇಶವನ್ನು ಗೆದ್ದುದು 1066ರಲ್ಲಿ, ವಿಕ್ರಮಾದಿತ್ಯನು ಪಟ್ಟವೇರುವುದಕ್ಕೆ ಹತ್ತು ವರ್ಷ ಮುಂಚೆ. ಡರಮ್ ಪಟ್ಟಣದ ಮಹಾದೇವಾಲಯವನ್ನು 1093ರಲ್ಲಿ ತೊಡಗಿದರು. ಜಲಸಂಗ್ವಿಯ ಕಲ್ಲುಕುಟಿಗರು ತೊಲೆಗಳನ್ನು ಏರಿಸುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ದಪ್ಪ ಕಂಬಗಳ, ಅರ್ಧಚಂದ್ರದ ಕಮಾನುಗಳ ಚರ್ಚುಗಳು ಎದ್ದುವು. ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೂ ಎರಡು ಕಡೆಯ ಜನರೂ ಒಂದೇ ಪ್ರಶ್ನೆಯನ್ನು ಎದುರಿಸಿದರು: ಕಟ್ಟಿದ ಮೇಲೆ ಇದನ್ನು ಕಾಯುವವರು ಯಾರು?

ಅವರ ಉತ್ತರ ಬೇರೆ ಬಗೆಯದು, ಆದರೆ ಅಷ್ಟೇ ಸ್ಪಷ್ಟವಾದುದು. ಬಲಿಪೀಠವಿರುವ ಮೂಡಣ ಭಾಗವನ್ನು ಊರಿನ ದಶಾಂಶವನ್ನು ಪಡೆಯುವ ರೆಕ್ಟರು ರಿಪೇರಿಮಾಡಿಸಬೇಕು. ಜನರು ನಿಂತು ಪ್ರಾರ್ಥಿಸುವ ಉದ್ದನೆಯ ಹಜಾರವನ್ನು ಊರವರು ರಿಪೇರಿಮಾಡಿಸಬೇಕು. ಅದಕ್ಕಾಗಿ ತಮ್ಮೊಳಗೇ ವಾರ್ಡನ್ನರನ್ನು ಆರಿಸಿಕೊಂಡು ಲೆಕ್ಕವನ್ನು ಅವರ ಕೈಯಲ್ಲಿಡುತ್ತಿದ್ದರು. ಹೀಗೆ ಒಂದೇ ಚಾವಣಿಯ ಕೆಳಗೆ ಇಬ್ಬರ ಹೊಣೆ ಬೇರೆ ಬೇರೆಯಾಗಿ ಗೊತ್ತಾಗಿದ್ದಿತು. ಮುಂದೆ ಎಂಟನೆಯ ಹೆನ್ರಿ ರಾಜನು 1536ರಿಂದ 1540ರವರೆಗೆ ಸನ್ಯಾಸಿಗಳ ಮಠಗಳನ್ನೆಲ್ಲ ಮುಚ್ಚಿದನು. ಚಾವಣಿಯ ಸೀಸವನ್ನು ಕಿತ್ತು ಮಾರಿದುದರಿಂದ ಫೌಂಟನ್ಸ್, ಟಿಂಟರ್ನ್ ಮೊದಲಾದ ಸಿರಿವಂತ ಮಠಗಳು ಮಳೆಗೆ ಒಡ್ಡಿಕೊಂಡು ಪಾಳುಬಿದ್ದುವು. ಅವುಗಳ ಪಕ್ಕದಲ್ಲಿದ್ದ ಬಡ ಊರಚರ್ಚುಗಳು ಉಳಿದುವು. ಟ್ಯೂಕ್ಸ್‌ಬರಿಯ ಜನರಂತೂ, ಇದು ನಮ್ಮ ಊರಿನ ಚರ್ಚೂ ಹೌದು ಎಂದು, 453 ಪೌಂಡುಗಳನ್ನು ಕೊಟ್ಟು ಮಠದ ದೊಡ್ಡ ಚರ್ಚನ್ನೇ ರಾಜನಿಂದ ಕೊಂಡುಕೊಂಡರು. ಅದು ಇಂದಿಗೂ ಪೂಜೆಯಲ್ಲಿದೆ. ನಮ್ಮ ಬೀದರ ಜಿಲ್ಲೆಯಲ್ಲಿಯೂ ಮೆಥೊಡಿಸ್ಟ್ ಸಭೆಯ ಚರ್ಚುಗಳಿವೆ. ಅವುಗಳ ಸಭೆಯವರಿಗೆ ಈ ಹೊಣೆಯ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಈ ಹೋಲಿಕೆಯಿಂದ ನಮ್ಮ ಪ್ರಶ್ನೆಗೆ ಉತ್ತರದ ದಾರಿ ಕಾಣುತ್ತದೆ. ಅರಮನೆ ಒಬ್ಬನ ಮನೆ. ಆ ಒಬ್ಬನ ವಂಶ ತೀರಿದಾಗ ಅದಕ್ಕೆ ದಿಕ್ಕಿಲ್ಲ. ಬಂದ ಹೊಸ ಒಡೆಯನಿಗೆ ಹಳೆಯ ಒಡೆಯನ ಮನೆ ಕಲ್ಲಿನ ಗಣಿಯಾಗುತ್ತದೆ. ಊರಗುಡಿಯ ಸಂಗತಿ ಬೇರೆ. ರಾಜನು ಯಾರೇ ಆಗಲಿ, ಬೆಳಗಾದರೆ ಅದರ ಬಾಗಿಲು ತೆರೆಯಬೇಕು. ಸಂಜೆಯಾದರೆ ದೀಪ ಹಚ್ಚಬೇಕು. ದೀಪ ಹಚ್ಚಲು ಹೋದವನಿಗೆ ಸೂರು ಸೋರುವುದು ಕಾಣುತ್ತದೆ. ಚಾವಣಿಯ ಅರಳಿಗಿಡ ಅವನ ಕಣ್ಣಿಗೆ ಬೀಳುತ್ತದೆ. ಪಂಚಾಂಗ ಕೇಳಲು ಬಂದವರು, ಹರಕೆ ತೀರಿಸಲು ಬಂದವರು, ಜಗಲಿಯ ಮೇಲೆ ಮಾತಿಗೆ ಕುಳಿತವರು ಎಲ್ಲರೂ ಆ ಕಟ್ಟಡದ ಕಾವಲುಗಾರರೇ. ರಾಜಧಾನಿಯ ಸುತ್ತಿನಲ್ಲಿ ಉಳಿದಿರುವ ಚಾಲುಕ್ಯರ ಕಾಲದ ಕಟ್ಟಡಗಳನ್ನು ಎಣಿಸಿ ನೋಡಿದರೂ ಇದೇ ತೋರುತ್ತದೆ. ಬಸವಕಲ್ಯಾಣದ ನೆರೆಯ ನಾರಾಯಣಪುರದಲ್ಲಿ ಉಳಿದುದು ಶಿವಾಲಯ, ಉಮಾಪುರದಲ್ಲಿ ಉಳಿದುದು ಮಹಾದೇವನ ಗುಡಿ, ಅರಮನೆಯಲ್ಲ, ಸಭಾಮಂಟಪವಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕಲ್ಯಾಣದ ಹೆಸರನ್ನು ಹೇಳಿ ಗುಡಿಯನ್ನು ಹೊಗಳುವುದು ಸರಿಯೆ? ಜಲಸಂಗ್ವಿಯ ಗುಡಿ ಎದ್ದ ಒಂದೆರಡು ತಲೆಮಾರಿನೊಳಗೇ ಅದೇ ಕಲ್ಯಾಣದಲ್ಲಿ ಬಸವಣ್ಣನವರು ದೇಹವೇ ದೇಗುಲವೆಂಬ ತತ್ತ್ವವನ್ನು ಸಾರಲಿಲ್ಲವೆ? ನಿಂತ ವಸ್ತು ಅಳಿಯುವುದು, ಚಲಿಸುವ ಚೈತನ್ಯಕ್ಕೆ ಅಳಿವಿಲ್ಲ ಎಂದು ಅವರು ತಿಳಿಸಲಿಲ್ಲವೆ? ಈ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸತಕ್ಕದ್ದಲ್ಲ. ದತ್ತಿಯ ಭೂಮಿಯುಳ್ಳ ಗುಡಿಯಲ್ಲಿ ಎಲ್ಲ ಜಾತಿಯ ಜನರಿಗೂ ಸಮನಾದ ಪ್ರವೇಶವಿರಲಿಲ್ಲ. ಸಿರಿವಂತನ ಪುಣ್ಯಕ್ಕೆ ಕಲ್ಲು, ಬಡವನ ಪಾಲಿಗೆ ಕಲ್ಲು ಹೊರುವ ಕೆಲಸ ಎಂಬ ಸ್ಥಿತಿ ಇದ್ದಿತು. ಶರಣರ ಮಾತು ಆ ಸ್ಥಿತಿಗೆ ಹೇಳಿದ ಉತ್ತರ. ಗುಡಿಯ ಗೋಡೆಯನ್ನು ಮೆಚ್ಚುವಾಗ ಅದರ ಹೊರಗೆ ನಿಂತವರನ್ನು ಮರೆಯುವುದು ನ್ಯಾಯವಲ್ಲ.

ಆದರೆ ಶರಣರ ಮಾತನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಅದು ನಮ್ಮ ವಿಚಾರಕ್ಕೆ ಬೆಂಬಲವಾಗಿಯೇ ಇದೆ. ಸ್ಥಾವರವು ತನ್ನಷ್ಟಕ್ಕೆ ತಾನು ಉಳಿಯಲಾರದು ಎಂಬುದೇ ಅಲ್ಲವೆ ಆ ಮಾತಿನ ಸಾರ? ಜಲಸಂಗ್ವಿಯ ಕಲ್ಲುಗಳು ತಮ್ಮ ಗಟ್ಟಿತನದಿಂದ ಮಾತ್ರ ಒಂಬತ್ತು ಶತಮಾನಗಳನ್ನು ದಾಟಿ ಬಂದಿಲ್ಲ. ನಡೆದಾಡುವ ಜನರ ಕೈಗಳು ಅವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ ಬಂದುವು. ಆ ಕೈಗಳ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಏಳು ದ್ವೀಪಗಳ ಒಡೆಯನ ಹೆಸರನ್ನು ಬರೆಯುವ ಸುಂದರಿಗೆ ಗೋಡೆಯಲ್ಲಿ ಸ್ಥಳ ದೊರೆಯಿತು. ಆ ಗೋಡೆಯ ಮೇಲಿನ ಗಿಡವನ್ನು ಕಿತ್ತವನಿಗೆ ದೊರೆಯಲಿಲ್ಲ.

ಇದಕ್ಕೆ ಇಂದಿನ ನಿದರ್ಶನ ಬೇಕಾದರೆ ಹುಮನಾಬಾದಿನಲ್ಲಿಯೇ ಇದೆ. ಊರೊಳಗಿನ ವೀರಭದ್ರೇಶ್ವರನ ಗುಡಿಗೆ ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಜಾತ್ರೆಯ ಹೊತ್ತಿಗೆ ಸುತ್ತಣ ಹಳ್ಳಿಗಳೆಲ್ಲ ನೆರೆಯುತ್ತವೆ. ಊರ ಮಗ್ಗುಲಿನ ಮಾಣಿಕನಗರವು 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸ್ಥಾನ. ಎಲ್ಲ ಮತಗಳೂ ಒಂದೇ ತತ್ತ್ವದ ಕಡೆಗೆ ನಡೆಯುತ್ತವೆಂಬ ಸಕಲಮತ ಸಂಪ್ರದಾಯವನ್ನು ಅವರು ಬೋಧಿಸಿದರು. ಹಿಂದೂಗಳೂ ಮುಸಲ್ಮಾನರೂ ಅವರನ್ನು ತಮ್ಮವರೆಂದು ಎಣಿಸಿದರು. ಅವರ ಪೀಠ ಇಂದಿಗೂ ನಡೆದು ಬಂದಿದೆ. ಈ ಎರಡು ಸ್ಥಾನಗಳಲ್ಲಿ ಕಟ್ಟಡಕ್ಕೆ ಏನಾದರೂ ಕುಂದು ಬಂದರೆ ಮರುದಿನವೇ ಕಾಣುತ್ತದೆ, ಏಕೆಂದರೆ ಅಲ್ಲಿ ಕಣ್ಣುಗಳಿವೆ. ಶಿಲ್ಪದ ದೃಷ್ಟಿಯಿಂದ ಇವೆರಡಕ್ಕಿಂತಲೂ ಮೇಲಾದ ಹಳೆಯ ಗುಡಿಗಳಿಗೆ ಆ ಭಾಗ್ಯವಿಲ್ಲದೆ ಇರಬಹುದು.

ನಿಜವಾದ ಕಷ್ಟವಿರುವುದು ಇಲ್ಲಿಯೇ. ದತ್ತಿಯ ಭೂಮಿಗಳು ಎಂದೋ ಕೈಬಿಟ್ಟುವು. ಮಹಾಜನರ ಸಭೆಯಿಲ್ಲ, ಗಾವುಂಡನಿಲ್ಲ, ಗಾಣದ ಎಣ್ಣೆಯಿಲ್ಲ. ಅವರ ಸ್ಥಾನಕ್ಕೆ ಸರಕಾರ ಬಂದಿದೆ. ನಿಜಾಮರ ಆಳಿಕೆಯಲ್ಲಿ 1914ರಲ್ಲಿ ಪ್ರಾಚ್ಯವಸ್ತುಶಾಖೆ ಏರ್ಪಟ್ಟು, ಗುಲಾಮ್ ಯಜ್ದಾನಿಯವರು ಅದರ ಮುಖ್ಯಸ್ಥರಾಗಿ ಬೀದರದ ಕಟ್ಟಡಗಳನ್ನು ಕುರಿತು 1947ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದರು. ಈ ಸೀಮೆಯ ಕನ್ನಡ ಶಾಸನಗಳನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿದ ಸಂಪುಟ 1958ರಲ್ಲಿ ಹೊರಬಂದಿತು. ಇವು ಚಿರಸ್ಮರಣೀಯವಾದ ಕೆಲಸಗಳು. ಗಾರೆಯಿಲ್ಲದ ಗುಡಿಗಳಿಗೆ ಒಂದು ಅನುಕೂಲವೂ ಉಂಟು. ಕುಸಿದ ಭಾಗದ ಕಲ್ಲುಗಳಿಗೆ ಅಂಕೆ ಹಾಕಿ, ಒಂದೊಂದಾಗಿ ಬಿಚ್ಚಿ, ತಳಹದಿಯನ್ನು ಭದ್ರಮಾಡಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸಬಹುದು. ಈ ವಿದ್ಯೆ ಈಗ ಚೆನ್ನಾಗಿ ಬೆಳೆದಿದೆ. ಆದರೆ ಇಂಥ ಕೆಲಸ ನಡೆಯುವುದು ಐವತ್ತು ವರ್ಷಕ್ಕೊಮ್ಮೆ. ಉಳಿದ ನಲವತ್ತೊಂಬತ್ತು ವರ್ಷಗಳ ಕಾವಲನ್ನು ಯಾವ ಶಾಖೆಯೂ ಮಾಡಲಾರದು. ಗೋಡೆಗೆ ಕಾಯಿದೆಯ ಹಲಗೆಯನ್ನು ತೂಗಹಾಕಬಹುದು; ಹಲಗೆ ಗಿಡವನ್ನು ಕೀಳುವುದಿಲ್ಲ.

ಇಷ್ಟಲ್ಲದೆ, ರಕ್ಷಣೆಯೆಂಬ ಹೆಸರಿನಲ್ಲಿ ಆಗುವ ಕೇಡೂ ಒಂದುಂಟು. ಭಕ್ತಿಯ ಭರದಲ್ಲಿ ಹಳೆಯ ಮೂರ್ತಿಗಳಿಗೆ ಎಣ್ಣೆಬಣ್ಣ ಬಳಿಯುವುದು, ಕೆತ್ತನೆಯ ಗೋಡೆಗೆ ಸಿಮೆಂಟು ಮೆತ್ತುವುದು, ಚಾವಣಿಯ ಮೇಲೆ ಕಾಂಕ್ರೀಟನ್ನು ಸುರಿಯುವುದು, ಇವುಗಳನ್ನು ನಾವು ಎಷ್ಟೋ ಊರುಗಳಲ್ಲಿ ಕಾಣುತ್ತೇವೆ. ಒಣಗೀಲುಗಳ ಗುಡಿ ತನ್ನ ಸಂದುಗಳ ಮೂಲಕ ಉಸಿರಾಡುತ್ತದೆ. ಸಂದನ್ನು ಸಿಮೆಂಟಿನಿಂದ ಮುಚ್ಚಿದರೆ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲದೆ ಕಲ್ಲಿನ ಮೈಯೇ ಸಿಪ್ಪೆಸಿಪ್ಪೆಯಾಗಿ ಎದ್ದುಬರುತ್ತದೆ. ಬಣ್ಣ ಬಳಿದ ಅಕ್ಷರಗಳನ್ನು ಮುಂದಿನವರು ಓದಲಾರರು. ಇವೆಲ್ಲ ದ್ವೇಷದಿಂದ ಆಗುವ ಕೇಡುಗಳಲ್ಲ; ತಿಳಿವಳಿಕೆಯಿಲ್ಲದ ಪ್ರೀತಿಯಿಂದ ಆಗುವುವು. ಆದುದರಿಂದ ಊರವರ ಪ್ರೀತಿಗೂ ಶಾಖೆಯ ತಿಳಿವಳಿಕೆಗೂ ಸಂಬಂಧ ಕೂಡಬೇಕು. ಇಂಗ್ಲೆಂಡಿನ ಪ್ಯಾರಿಷಿನಲ್ಲಿ ರೆಕ್ಟರಿಗೂ ಊರವರಿಗೂ ಹೊಣೆ ಹಂಚಿದ್ದಂತೆ ಇಲ್ಲಿಯೂ ಹಂಚಿಕೆಯಾಗಬೇಕು. ಕಲ್ಲನ್ನು ಬಿಚ್ಚುವ ಕಟ್ಟುವ ಕೆಲಸ ಬಲ್ಲವರದು; ನಿತ್ಯವೂ ನೋಡುವ, ಗುಡಿಸುವ, ಗಿಡ ಕೀಳುವ, ಬಿರುಕು ಕಂಡಾಗ ಕೂಡಲೆ ತಿಳಿಸುವ ಕೆಲಸ ಊರಿನದು.

ಪಟ್ಟಣದ ವಿದ್ಯಾವಂತರಾದ ನಮ್ಮ ಪಾಲಿನದು ಯಾವುದು? ನಾವು ವರ್ಷಕ್ಕೊಮ್ಮೆ ಬೇಲೂರು ಹಳೇಬೀಡುಗಳಿಗೆ ಹೋಗಿ ಬಂದು ಚಿತ್ರಗಳನ್ನು ತೋರಿಸಿ ತೃಪ್ತರಾಗುತ್ತೇವೆ. ಅದು ಒಳ್ಳೆಯದೇ. ಆದರೆ ಪ್ರತಿಯೊಬ್ಬರ ಹುಟ್ಟೂರಿನಲ್ಲಿಯೂ, ಅಥವಾ ಅದರ ಪಕ್ಕದ ಹಳ್ಳಿಯಲ್ಲಿ, ಹೆಸರಿಲ್ಲದ ಒಂದು ಗುಡಿಯೋ ಬಸದಿಯೋ ದರ್ಗಾವೋ ಚರ್ಚೋ ಇರುತ್ತದೆ. ಅದರ ಅಂಗಳದಲ್ಲಿ ದನ ಕಟ್ಟಿದ ಒಂದು ಶಾಸನದ ಕಲ್ಲು ಇರುತ್ತದೆ. ಅದರಲ್ಲಿ ಏನಿದೆಯೆಂದು ಓದಿಸಿ, ಆ ಊರಿನ ಮಕ್ಕಳಿಗೆ ಅವರ ಮಾತಿನಲ್ಲಿ ಹೇಳುವುದು ನಮ್ಮಿಂದ ಆಗಬಹುದಾದ ಕೆಲಸ. ತನ್ನ ಊರಿನ ಕಲ್ಲು ಏನು ಹೇಳುತ್ತದೆಂದು ತಿಳಿದ ಹುಡುಗನು ಅದರ ಮೇಲೆ ತನ್ನ ಹೆಸರನ್ನು ಗೀಚಲಾರನು.

ವಿಕ್ರಮಾದಿತ್ಯನ ರಾಜಧಾನಿಯನ್ನು ನಾವು ಮತ್ತೆ ಕಟ್ಟಲಾರೆವು, ಕಟ್ಟುವ ಅಗತ್ಯವೂ ಇಲ್ಲ. ಅವನ ಕಾಲದ ಜನ ಗುಡಿಯನ್ನು ಕಟ್ಟಿದ ದಿನವೇ ಅದರ ಬಿರುಕಿನ ವೆಚ್ಚವನ್ನು ತೆಗೆದಿಟ್ಟರೆಂಬ ವಿವೇಕವನ್ನು ಮಾತ್ರ ನಾವು ಉಳಿಸಿಕೊಂಡರೆ ಸಾಕು. ಖಂಡವಾದುದನ್ನೂ ಸ್ಫುಟಿತವಾದುದನ್ನೂ ನೋಡಿಕೊಳ್ಳುವವರು ಇರುವವರೆಗೆ ಹಳ್ಳಿಯ ಗುಡಿ ಚಕ್ರವರ್ತಿಯ ಅರಮನೆಗಿಂತ ಹೆಚ್ಚು ಕಾಲ ಬಾಳುತ್ತದೆ. ಜಲಸಂಗ್ವಿಯ ಗೋಡೆ ನಮಗೆ ಹೇಳುವುದು ಇಷ್ಟೆ.